ಐರಾ ದಡಕ್ಕೆ ತಂದ ದೋಣಿ

ಇಲೊಯಿಲೊ
ಜೂನ್ ೧೯, ಮಧ್ಯಾಹ್ನ

ಡೆಮೆತ್ರಿಯೊ,

ಪ್ರತಿ ಸಲ ನಿನ್ನ ಹಡಗಿನ ಹೆಸರು ಬರೆದು ಪತ್ರ ಶುರು ಮಾಡುತ್ತಿದ್ದೆ. ಇವತ್ತು ಅದನ್ನು ಬರೆಯಲು ಮನಸ್ಸು ಬರಲಿಲ್ಲ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೂ ಓದಿಕೊ. ಹೊರಗೆ ಮಕ್ಕಳು ಬೊಂಬೆಯಾಟ ನೋಡುತ್ತಿದ್ದಾರೆ. ಅದು ಮುಗಿಯುವುದರೊಳಗೆ ನಾನೂ ಮುಗಿಸಬೇಕು.

ಬೆಳಿಗ್ಗೆ ದ್ವೀಪದ ಆಚೆ ಬದಿಯ ಆಂಟಿಕೆಯಿಂದ ನಮ್ಮ ಮಕ್ಕಳ ಮ್ಯೂಸಿಯಂಗೆ ಒಂದು ಶಾಲೆಯ ಬಸ್ಸು ಬಂತು. ಎಂದಿನಂತೆ ಒಂದೇ ಗದ್ದಲ. ಆಟದ ಮೀನು ಮಾರುಕಟ್ಟೆಯಲ್ಲಿ ಚೌಕಾಸಿ, ಆಟದ ಆಸ್ಪತ್ರೆಯಲ್ಲಿ ಎಲ್ಲರಿಗೂ ಆಪರೇಷನ್. ನಾನು ಸಮುದ್ರದ ಕೋಣೆಯಲ್ಲಿದ್ದೆ. ಆ ಹಳೆಯ ಸಕ್ಕರೆ ಗೋದಾಮಿನ ನೆಲದ ತುಂಬ ಲೋಕದ ಸಮುದ್ರಗಳನ್ನೆಲ್ಲ ಬರೆಸಿದಾಗ ನೀನೇ ನಕ್ಕಿದ್ದೆ, ಇಷ್ಟು ಬಣ್ಣಕ್ಕೆ ನಿಜವಾದ ಹಡಗೇ ಬರುತ್ತಿತ್ತು ಎಂದು. ಈಗ ಹಡಗಿಗೆ ಹೋದವರ ಮಕ್ಕಳು ಪ್ರತಿ ಭಾನುವಾರ ಅದರ ಮೇಲೆ ಬರಿಗಾಲಲ್ಲಿ ನಡೆದು, ಅಪ್ಪ ಕೆತ್ತಿಕೊಟ್ಟ ಮರದ ದೋಣಿಯನ್ನು ಅಪ್ಪ ಇರುವಲ್ಲಿಗೆ ಸರಿಸುತ್ತಾರೆ. ಅಪ್ಪಂದಿರ ಮುಖ ಮರೆತ ಕೂಸುಗಳಿಗೂ ಅಪ್ಪನ ಜಾಗ ಗೊತ್ತು. ನಮಗೆ ಮಕ್ಕಳಿಲ್ಲ. ನಿನ್ನ ದೋಣಿಯನ್ನು ನಾನೇ ಸರಿಸುತ್ತೇನೆ. ಕಳೆದ ಭಾನುವಾರ ಅದನ್ನು ಬ್ರೆಜಿಲ್‌ನ ಸಾಂತೋಸ್ ಬಂದರಿನ ಹೊರಗೆ ಇಟ್ಟಿದ್ದೆ. ಲಂಗರು ಹಾಕಿ ಸರದಿ ಕಾಯುತ್ತಿದ್ದೇವೆ, ಸಿಗ್ನಲ್ ಸರಿಯಿಲ್ಲ ಎಂದು ನೀನೇ ತಿಳಿಸಿದ್ದೆಯಲ್ಲ.

ಏಳು ವರ್ಷದವಳಿರಬೇಕು, ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ಆ ದೋಣಿಯನ್ನು ಎತ್ತಿಕೊಂಡಳು. ಅಟ್ಲಾಂಟಿಕ್ ದಾಟಿ, ಆಫ್ರಿಕವನ್ನು ತುಳಿದು ಬಂದು ಆಂಟಿಕೆಯ ದಡದಲ್ಲಿ ಇಟ್ಟಳು. ನಮ್ಮಲ್ಲಿ ಯಾವ ಮಗುವಿಗೂ ಮುಟ್ಟಬೇಡ ಎನ್ನುವಂತಿಲ್ಲ. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

"ಇಂದೈ, ಪುಟ್ಟಿ, ಆ ದೋಣಿಯವರು ಇನ್ನೂ ಸಮುದ್ರದಲ್ಲಿದ್ದಾರೆ ಕಣೆ."

"ಇಲ್ಲಪ್ಪ! ಇದು ನಮ್ಮಪ್ಪಂದು, ನಮ್ಮ ತತಾಯ್‌ದು. ಮನೇಲೇ ಇದ್ದಾರೆ. ಕೋಳಿಗೂಡು ರಿಪೇರಿ ಮಾಡ್ತಾ ಇದ್ದಾರೆ."

"ನಿಮ್ಮ ತತಾಯ್‌ದು ಅಂತ ಹೇಗೆ ಗೊತ್ತು?"

ಅವಳು ದೋಣಿಯ ಮೂತಿಯ ಮೇಲೆ ಕೆತ್ತಿದ ಹುಂಜವನ್ನು ತೋರಿಸಿದಳು. "ನಮ್ಮನೇಲಿರೋ ದೋಣಿ ಹುಂಜಕ್ಕೂ ಬಾಲ ಇಲ್ಲ. ಬಾಲ ಇಲ್ದಿದ್ರೆ ಗಾಳೀಲಿ ಜೋರಾಗಿ ಓಡತ್ತೆ. ನಿಮಗೆ ಅಷ್ಟೂ ಗೊತ್ತಿಲ್ವಾ?"

ಡೆಮೆತ್ರಿಯೊ, ಮರದ ಎಳೆಗೆ ಅಡ್ಡಲಾಗಿ ಕೆತ್ತಿ ಪ್ರತಿ ಸಲವೂ ಬಾಲ ಮುರಿದುಕೊಳ್ಳುವವನು ಈ ದ್ವೀಪದಲ್ಲಿ ನೀನೊಬ್ಬನೇ. ಮುರಿದಾಗಲೆಲ್ಲ ಆ ಮಾತನ್ನೇ ಹೇಳುವವನೂ ನೀನೊಬ್ಬನೇ.

ಅವಳ ಹಣೆಯನ್ನು ನೋಡಿದೆ. ಅಗಲವಾದ, ನಡುವೆ ಸ್ವಲ್ಪ ತಗ್ಗಿದ, ನಿನ್ನದೇ ಹಣೆ. ಮತ್ತೆ ನೋಡಲಾರದೆ ನೆಲದ ಸಮುದ್ರವನ್ನು ನೋಡಿದೆ.

ಅಷ್ಟರಲ್ಲಿ ಅವಳ ತಾಯಿ ಬಂದಳು. ಶಾಲೆಯ ಜೊತೆ ಮಕ್ಕಳನ್ನು ನೋಡಿಕೊಳ್ಳಲು ಬಂದವಳು, ಹೆಸರು ಮೆರ್ಲಿಂಡಾ. "ಕ್ಷಮಿಸಿ ಮ್ಯಾಮ್ ನೆನಾ, ಇವಳು ಅಪ್ಪನ ಥರ, ಬಾಯಿ ಜಾಸ್ತಿ," ಎಂದು ನಕ್ಕು, ತೆಂಗಿನ ಗರಿ ಬಿಚ್ಚಿ ತನ್ನ ಇಬೊಸ್‌ನಲ್ಲಿ ಅರ್ಧ ಮುರಿದು ನನ್ನ ಕೈಗಿಟ್ಟಳು. ಆ ಸಿಹಿ ಅನ್ನವನ್ನು ಪಕ್ಕಕ್ಕಿಟ್ಟೆ. ಕೇಳದಿದ್ದರೂ ಫೋನು ತೆಗೆದು ಫೋಟೊ ತೋರಿಸಿದಳು. ಕೋಳಿಗೂಡಿನ ಮುಂದೆ, ಸುತ್ತಿಗೆ ಹಿಡಿದು, ನೀನು.

"ಡಿಸೆಂಬರ್‌ನಲ್ಲಿ ಇಗರ್ಜಿಯಲ್ಲಿ ಮದುವೆ ಮ್ಯಾಮ್. ಇಷ್ಟು ವರ್ಷ ತಡ ಆಯ್ತು. ಪಾಪ, ಮೊದಲನೇ ಹೆಂಡತೀನ ಮರೆಯೋಕೆ ಅವರಿಗೆ ಆಗಿರಲಿಲ್ಲ."

"ಆ ಮೊದಲನೆಯವರು ಈಗ ಎಲ್ಲಿದ್ದಾರೆ?" ಎಂದೆ.

"ತೀರಿಕೊಂಡ್ರು ಮ್ಯಾಮ್. ಡೆಂಗ್ಯೂ. ಸೊಲೆದಾದ್ ಅಂತ ಹೆಸರು. ಸತ್ತವರ ಹಬ್ಬಕ್ಕೆ ನಮ್ಮ ಐರಾ ಅವರಿಗೂ ಒಂದು ಮೇಣದ ಬತ್ತಿ ಹಚ್ತಾಳೆ. ತುಂಬಾ ಒಳ್ಳೆಯವರಂತೆ. ಅಡುಗೆ ಮಾತ್ರ ಬಾಯಿಗಿಡೋ ಹಾಗಿರಲಿಲ್ವಂತೆ!"

ಹುಟ್ಟಿದಂದಿನಿಂದ ಇಡೀ ಊರು ನನ್ನನ್ನು ನೆನಾ ಎಂದೇ ಕರೆದಿರುವುದು ನಿನಗೆ ಎಷ್ಟು ಅನುಕೂಲವಾಯಿತು ನೋಡು. ನಾನು ಸತ್ತ ಸುದ್ದಿಯನ್ನು ನಿಂತುಕೊಂಡೇ ಕೇಳಿದೆ. ಅಯ್ಯೋ ಪಾಪ ಎಂದು ಕೂಡ ಅಂದೆ. ನಂಬುತ್ತೀಯೋ ಇಲ್ಲವೋ, ಆ ಕ್ಷಣಕ್ಕೆ ಸಿಟ್ಟು ಬಂದದ್ದು ಅಡುಗೆಯ ಮಾತಿಗೆ. ಪ್ರತಿ ರಜೆಯಲ್ಲೂ ನನ್ನ ಪಾನ್ಸಿತ್ ಮೋಲೊ ಸೂಪನ್ನು ಎರಡೆರಡು ಸಲ ಹಾಕಿಸಿಕೊಂಡು ಕುಡಿದವನು ನೀನು.

ಇನ್ನೊಂದು ಕೇಳು. ಅವಳು ನನ್ನ ಕೈ ಹಿಡಿದು, "ನಾಚಿಕೆ ಬಿಟ್ಟು ಕೇಳ್ತೀನಿ ಮ್ಯಾಮ್, ನಮ್ಮ ಮದುವೆಗೆ ನೀವು ನಿನಾಂಗ್ ಆಗ್ತೀರಾ? ನಿಮ್ಮಂಥ ದೊಡ್ಡೋರು ಸಾಕ್ಷಿ ನಿಂತರೆ ಸಂಸಾರ ಗಟ್ಟಿಯಾಗಿರುತ್ತೆ," ಎಂದಳು. ನಾನು ಅವಳ ಗಂಡನ ಹೆಂಡತಿ ಎಂದು ಹೇಳಲು ಬಾಯಿ ತೆರೆದೆ. ಇನ್ನೊಂದು ಕೈಯನ್ನು ಐರಾ ಹಿಡಿದುಕೊಂಡಿದ್ದಳು. ಬೊಂಬೆಯಾಟಕ್ಕೆ ಹೊತ್ತಾಯಿತು, ನಡೀರಿ, ಎಂದಷ್ಟೇ ಹೇಳಿ ಈ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ.

ಆ ಹೆಣ್ಣುಮಗಳ ಮೇಲೆ ನನಗೆ ಕೋಪವಿಲ್ಲ. ಅವಳಿಗೂ ನೀನು ಒಂದು ಬಾಲ ಮುರಿದ ಹುಂಜವನ್ನೇ ಕೊಟ್ಟಿದ್ದೀಯ. ಮಗು ಯಾವಾಗ ಬೇಕಾದರೂ ಇಲ್ಲಿಗೆ ಬರಲಿ, ಏನು ಬೇಕಾದರೂ ಎತ್ತಿಕೊಳ್ಳಲಿ. ದೊಡ್ಡವರ ಈ ಹೊಲಸು ಅವಳ ಕಿವಿಗೆ ಈಗಲೇ ಬೀಳದಿರಲಿ. ನಿನಗೆ ಹೇಳುವುದು ಒಂದೇ: ಡಿಸೆಂಬರ್‌ನಲ್ಲಿ ಆ ಮದುವೆ ನಡೆಯುವುದಿಲ್ಲ. ಇನ್ನು ನನ್ನ ಮನೆಗೂ ನೀನು ಬರಬೇಡ.

ಹೊರಗೆ ಚಪ್ಪಾಳೆ ಕೇಳಿಸುತ್ತಿದೆ. ಆಟ ಮುಗಿಯಿತು.

ಇನ್ನೂ ಉಸಿರಾಡುತ್ತಿರುವ
ಸೊಲೆದಾದ್

ಮರೆತಿದ್ದೆ: ಈ ಪತ್ರ ನಿನ್ನ ಕಂಪನಿಯ ಆಫೀಸಿಗೆ ಹೋಗುತ್ತಿಲ್ಲ. ಮದುವೆಯ ಬಗ್ಗೆ ನನ್ನ ಉತ್ತರ ಎಂದು ಹೇಳಿ ಮೆರ್ಲಿಂಡಾಳ ಕೈಗೇ ಕೊಡುತ್ತಿದ್ದೇನೆ. ಬಸ್ಸಿನಲ್ಲಿ ಐರಾ ಮಲಗಿದ ಮೇಲೆ ಓದು ಎನ್ನುತ್ತೇನೆ. ಆಂಟಿಕೆಗೆ ದಾರಿ ದೂರವಿದೆ, ಲಕೋಟೆಗೆ ನಾನು ಅಂಟು ಹಚ್ಚಿಲ್ಲ.