ಮುಸುಕು ತೆಗೆಯದೆ ಹೋದವಳು

ಸೇಂಟ್ ಕೀರನ್ಸ್ ಕೋವ್, ನ್ಯೂಫೌಂಡ್‌ಲ್ಯಾಂಡ್
೮ ಜನವರಿ ೧೯೯೭, ಬುಧವಾರ

ಪ್ರೀತಿಯ ತಂಗಿ ಬರ್ನಿ,

ಹೇಗಿದ್ದೀಯ? ಮೊಣಕಾಲಿನ ನೋವು ಇಳಿಯಿತೆ? ಸಿನಿಮಾದಲ್ಲಿ ಕುದುರೆಯ ಮೇಲಿಂದ ಬೀಳುವುದಕ್ಕೆ ಬೇರೆ ಹೆಂಗಸನ್ನು ಇಟ್ಟಿದ್ದರು, ಬಿದ್ದ ಮೇಲೆ ಎದ್ದು ಓಡುವುದು ಮಾತ್ರ ನನ್ನ ಪಾಲಿಗೆ ಬಂತು ಎಂದು ನೀನು ಈಸ್ಟರ್ ಹಬ್ಬದ ಕಾಗದದಲ್ಲಿ ಬರೆದಿದ್ದೆ. ನಿನ್ನ ಭಾವ ಕ್ಲೆಮ್ ಅದನ್ನು ಓದಿ ನಕ್ಕ, ನನಗೆ ನಗು ಬರಲಿಲ್ಲ. ನಲವತ್ತಾರನೆಯ ವಯಸ್ಸಿನಲ್ಲಿ ಯಾರಾದರೂ ಹಾಗೆ ಓಡುತ್ತಾರೆಯೆ? ಮಲಗುವಾಗ ಬಿಸಿನೀರಿನ ಚೀಲ ಇಟ್ಟುಕೋ. ಟೊರಾಂಟೊದ ಚಳಿ ನಮ್ಮ ಚಳಿಯಂತಲ್ಲ, ಉಪ್ಪಿಲ್ಲದ ಚಳಿ, ಎಲುಬಿಗೆ ಹೋಗುತ್ತದೆ ಎನ್ನುತ್ತಾರೆ. ನಾವು ದೇವರ ದಯೆಯಿಂದ ಚೆನ್ನಾಗಿದ್ದೇವೆ. ಕ್ಲೆಮ್‌ಗೆ ಬೆನ್ನು ನೋವು ಹಾಗೇ ಇದೆ. ಕಾಡ್ ಮೀನು ಹಿಡಿಯಬಾರದೆಂದು ಸರ್ಕಾರ ಹೇಳಿ ನಾಲ್ಕೂವರೆ ವರ್ಷವಾಯಿತು, ಆದರೂ ದಿನಾ ಬೆಳಿಗ್ಗೆ ಕೆಳಗಿಳಿದು ಹೋಗಿ ದೋಣಿಯನ್ನು ನೋಡಿಕೊಂಡು ಬರುತ್ತಾನೆ. ನೀನು ಕಳಿಸಿದ ಕೆಂಪು ಶಾಲು ಬಂತು. ಅಮ್ಮನಿಗೆ ಹೊದಿಸಿದ್ದೇನೆ. ಫೋನು ಮಾಡಬಹುದಿತ್ತು, ಆದರೆ ನಿನ್ನ ಮನೆಯಲ್ಲಿ ಮೊದಲು ಆ ಯಂತ್ರ ಮಾತಾಡುತ್ತದಲ್ಲ, ಅದಕ್ಕೆ ಉತ್ತರ ಕೊಡುವುದು ನನಗೆ ಬಾರದು. ಇಂಥ ವಿಷಯವನ್ನಂತೂ ಅದಕ್ಕೆ ಹೇಳಲಾರೆ.

ವಿಷಯ ಅಮ್ಮನದೇ. ಕ್ರಿಸ್ಮಸ್ಸಿಗೆ ಮುಂಚೆ ಅಡ್ವೆಂಟ್ ಶುರುವಾಗುವ ವಾರ ಡಾಕ್ಟರು ಬಂದು ನೋಡಿದರು. ಹೃದಯ ತುಂಬಾ ಸೋತಿದೆ, ಕೊಲ್ಲಿಯ ಹಿಮ ಒಡೆದು ಹೋಗುವವರೆಗೆ ಇದ್ದರೆ ನಮ್ಮ ಪುಣ್ಯ ಎಂದರು. ನೆನಪಿನ ಮಾತಂತೂ ಕೇಳಲೇಬೇಡ. ಅಕ್ಟೋಬರಿನಿಂದ ನನ್ನ ಗುರುತು ಸಿಗುತ್ತಿಲ್ಲ. ನಾನು ಯಾರೋ ಸಹಾಯಕ್ಕೆ ಬಂದ ಹೆಂಗಸು ಅಂದುಕೊಂಡಿದ್ದಾಳೆ. ‘ನೀನು ಒಳ್ಳೆಯವಳಮ್ಮ, ನಿಮ್ಮ ಮನೇಲಿ ಕಾಯ್ತಾ ಇರ್ತಾರೆ, ಹೋಗು’ ಎಂದು ದಿನಾ ಸಂಜೆ ಕಳಿಸಿಕೊಡುತ್ತಾಳೆ. ನಾನು ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಮತ್ತೆ ಒಳಗೆ ಬರುತ್ತೇನೆ. ಆದರೆ ನಿನ್ನನ್ನು ಅವಳು ಮರೆತಿಲ್ಲ. ‘ನನ್ನ ಬರ್ನಿ ಬಂದ್ಲಾ?’ ಎನ್ನುವುದು ಬೆಳಗಿನ ಮೊದಲ ಮಾತು. ಎರಡು ವರ್ಷದ ಹಿಂದೆ ಹೋಗುವಾಗ ಇನ್ನು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ನೀನು ಹೇಳಿದ್ದು ನನಗೆ ನೆನಪಿದೆ. ಅದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ಅವಳಿಗೆ ಏನು ಉತ್ತರ ಕೊಡಲಿ ಎಂಬುದೊಂದೇ ನನಗೆ ತಿಳಿಯುತ್ತಿಲ್ಲ.

ಸಮಾಧಾನಕ್ಕೆ ಟೀವಿ ಇದೆ. ನೀನು ನರ್ಸ್ ಆಗಿದ್ದ ಆ ಧಾರಾವಾಹಿಯನ್ನು ಕ್ಲೆಮ್ ಹನ್ನೊಂದು ವರ್ಷ ಬಿಡದೆ ಟೇಪು ಮಾಡಿಕೊಂಡಿದ್ದು ಈಗ ಉಪಯೋಗಕ್ಕೆ ಬಂತು. ಊಟವಾದ ಮೇಲೆ ಒಂದು ಹಾಕುತ್ತೇನೆ. ನೀನು ಬಂದ ಕೂಡಲೇ ಅವಳು ಕುರ್ಚಿ ಮುಂದಕ್ಕೆ ಎಳೆದುಕೊಂಡು, ‘ಏನು ತಿಂತಾಳೋ ಏನೋ, ಕತ್ತು ನೋಡು, ಕೋಳಿ ಕತ್ತು’ ಎನ್ನುತ್ತಾಳೆ. ನಿನ್ನ ಎಡಗೈ ಹೆಬ್ಬೆರಳ ಬುಡದಲ್ಲಿ ಆ ಸುಟ್ಟ ಕಲೆಗಾಗಿ ಹುಡುಕುತ್ತಾಳೆ, ಏಳು ವರ್ಷದವಳಿದ್ದಾಗ ಒಲೆಯ ಮೇಲಿನ ಬಾಣಲೆ ಮುಟ್ಟಿದ್ದೆಯಲ್ಲ, ಅದು. ಕಾಣದಿದ್ದರೆ ‘ಬಣ್ಣ ಬಳಿದು ಮುಚ್ಚಿಬಿಟ್ಟಿದಾರೆ ನೋಡು’ ಎಂದು ರೇಗುತ್ತಾಳೆ. ಕೊನೆಯ ಟೇಪನ್ನು ಮಾತ್ರ ಬಚ್ಚಿಟ್ಟಿದ್ದೇನೆ. ಆ ನರ್ಸ್ ಸತ್ತ ಗುರುವಾರ ನಿನಗೆ ನೆನಪಿರಬೇಕು, ನಾನು ಬರೆದಿದ್ದೆ. ಮಾರನೆಯ ದಿನ ಪಕ್ಕದ ಮನೆಯ ಲಿಯೋ ಮಾವ ಟೋಪಿ ಕೈಯಲ್ಲಿ ಹಿಡಿದುಕೊಂಡು, ಹೆಂಡತಿ ಮಾಡಿಕೊಟ್ಟ ಮಾಂಸದ ಕಡುಬಿನೊಂದಿಗೆ ಬಾಗಿಲಲ್ಲಿ ನಿಂತಿದ್ದರು. ‘ನಾಟಕ ಅಂತ ಗೊತ್ತು ಲೊರೆಟ್ಟಾ, ಗೊತ್ತಿಲ್ದೆ ಏನು? ಆದ್ರೂ ನಮ್ಮೂರ ಹುಡುಗಿ ಸಾಯೋದನ್ನ ನೋಡಿ ಸುಮ್ನೆ ಕೂತ್ಕೊಳ್ಳೋಕೆ ಮನಸ್ಸಾಗಲಿಲ್ಲ’ ಎಂದರು. ಸಂಜೆಯೊಳಗೆ ಮೇಜಿನ ಮೇಲೆ ಐದು ಮನೆಯ ಅಡುಗೆ ಇತ್ತು. ನಾನೂ ಆ ನರ್ಸಿನ ಆತ್ಮಕ್ಕೆ ಒಂದು ಜಪಮಾಲೆ ಹೇಳಿದೆ. ಫಾದರ್ ಹರ್ನ್ ಅವರಿಗೆ ತಿಳಿಸಿದಾಗ, ಪ್ರಾರ್ಥನೆ ಯಾವುದೂ ಹಾಳಾಗುವುದಿಲ್ಲ, ಎಲ್ಲಿ ಬೇಕೋ ಅಲ್ಲಿಗೆ ದೇವರು ಕಳಿಸುತ್ತಾನೆ ಎಂದರು.

ಟೇಪು ಓಡುತ್ತಿರುವಾಗ ನಾನು ಹೆಣೆಯುತ್ತಾ ನಿನ್ನ ಕಾಲವನ್ನೆಲ್ಲ ನೆನೆಯುತ್ತೇನೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಸಂತಳೊಬ್ಬಳ ನಾಟಕ ಮಾಡಿಸಿದಾಗ ಬಿಷಪ್ಪರೇ ಕರವಸ್ತ್ರ ತೆಗೆದಿದ್ದು. ಊರಿಗೆ ಬಂದ ನಾಟಕದವರ ಹಿಂದೆ ಹತ್ತೊಂಬತ್ತಕ್ಕೇ ಹೊರಟು ನಿಂತಿದ್ದು. ಟೊರಾಂಟೊದಲ್ಲಿ ನೀನು ಆರು ವರ್ಷ ಹೋಟೆಲಿನಲ್ಲಿ ತಟ್ಟೆ ಎತ್ತಿದೆ, ಒಂದು ಮಾರ್ಗರೀನಿನ ಜಾಹೀರಾತಿನಲ್ಲಿ ಬ್ರೆಡ್ಡಿಗೆ ಹಚ್ಚಿಕೊಂಡು ನಕ್ಕೆ. ನಟರ ಸಂಘದಲ್ಲಿ ನಿನ್ನ ಹೆಸರಿನವಳೇ ಇನ್ನೊಬ್ಬಳಿದ್ದಾಳೆ, ಒಂದೇ ಹೆಸರಿನವರು ಇಬ್ಬರು ಇರುವಂತಿಲ್ಲ ಎಂದರೆಂದು ಅಜ್ಜಿಯ ಹೆಸರು ತೆಗೆದುಕೊಂಡು ನೋರಾ ಆದೆ. ಅಮ್ಮ ಟೀವಿಯಲ್ಲಿ ಕೊನೆಗೆ ಓಡುವ ಅಕ್ಷರಗಳಲ್ಲಿ ಬರ್ನಡೆಟ್ ಎಂದು ಹುಡುಕಿ ಹುಡುಕಿ ಸಾಕಾಗಿ, ‘ಹೆಸರಿಗೂ ನಾವು ಬೇಡವಾದ್ವಾ?’ ಅಂದಳು. ಆಮೇಲೆ ಆ ಕ್ರಿಸ್ಮಸ್ ಸಿನಿಮಾಗಳು. ಜುಲೈಯ ಬಿಸಿಲಲ್ಲಿ ಉಣ್ಣೆಯ ಕೋಟು ಹಾಕಿಸಿ, ಸೋಪಿನ ನೊರೆಯ ಹಿಮ ಸುರಿಸುತ್ತಾರೆ ಎಂದು ನೀನು ಬರೆದಿದ್ದೆ. ಟೊರಾಂಟೊದ ಬೀದಿಯನ್ನೇ ಅಮೆರಿಕದ ಊರು ಮಾಡುತ್ತಾರೆ, ನೀನು ಆ ಊರಿನ ಮಗಳಾಗಿ ಹಬ್ಬಕ್ಕೆ ಮನೆಗೆ ಬರುತ್ತೀಯ. ಎಷ್ಟು ಸಿನಿಮಾದಲ್ಲಿ ಎಷ್ಟು ಮನೆಗೆ ಬಂದೆ ಬರ್ನಿ! ನಮ್ಮ ಕಡೆಯ ಕತೆ ತೆಗೆದಾಗಲಂತೂ, ನ್ಯೂಫೌಂಡ್‌ಲ್ಯಾಂಡಿನವರ ಮಾತು ನಿನಗೆ ಸರಿಯಾಗಿ ಬರುವುದಿಲ್ಲವೆಂದು ಯಾರೋ ಟೊರಾಂಟೊದ ಮೇಷ್ಟ್ರನ್ನು ಇಟ್ಟು ಕಲಿಸಿದರಂತೆ. ಅದನ್ನು ಕೇಳಿ ಇಡೀ ಊರು ನಕ್ಕಿತು. ನಿನಗೆ ನಗು ಬಂದಿತೋ ಇಲ್ಲವೋ ಎಂದು ನಾನು ಆಗ ಕೇಳಲಿಲ್ಲ. ಈಗ ಕೊಡುವುದೆಲ್ಲ ತಾಯಿಯ ಪಾತ್ರ, ಅದೂ ಮೂರು ನಿಮಿಷ ಎನ್ನುತ್ತೀಯ. ಯಾರಿಗೂ ಬೇಡವಾಗುವುದು ಹೇಗಿರುತ್ತದೆಂದು ಮೀನಿನ ಕಾರ್ಖಾನೆ ಮುಚ್ಚಿದಾಗಿನಿಂದ ನಮ್ಮೂರಿಗೂ ಗೊತ್ತು.

ಆದರೆ ನಿನ್ನ ಮೊದಲ ವೇಷ ಕಾನ್ವೆಂಟಿನದಲ್ಲ, ಅದು ನಮ್ಮ ಅಡುಗೆಮನೆಯದು. ಕ್ರಿಸ್ಮಸ್ಸಿನ ಹನ್ನೆರಡು ದಿನ ವೇಷ ಕಟ್ಟಿದ ಮುಸುಕಿನವರು ಮನೆಮನೆಗೆ ಬರುವಾಗ, ಯಾರು ಯಾರೆಂದು ಹೇಳುವುದರಲ್ಲಿ ಅಮ್ಮನನ್ನು ಮೀರಿಸಿದವರು ಕೊಲ್ಲಿಯ ಎರಡು ದಡದಲ್ಲೂ ಇರಲಿಲ್ಲ. ಮುಖಕ್ಕೆ ಪರದೆಯ ಬಟ್ಟೆ ಕಟ್ಟಿಕೊಂಡಿರಲಿ, ಗಂಡಸರು ಲಂಗ ಹಾಕಿಕೊಂಡಿರಲಿ, ಉಸಿರು ಒಳಗೆ ಎಳೆದುಕೊಂಡು ದನಿ ಬದಲಿಸಲಿ, ಅವಳು ನಿಲುವು ನೋಡಿ, ಕೈ ಹಿಡಿದು ನೋಡಿ ಹೆಸರು ಹೇಳಿಬಿಡುತ್ತಿದ್ದಳು. ಹೆಸರು ಸರಿಯಾದರೆ ಮುಸುಕು ಎತ್ತಬೇಕು, ತಪ್ಪಾದರೆ ಎತ್ತುವಂತಿಲ್ಲ. ನೀನು ಒಂಬತ್ತರ ಹುಡುಗಿ, ಅಪ್ಪನ ಬೂಟಿಗೆ ಬಟ್ಟೆ ತುರುಕಿ, ಬೆನ್ನಿಗೆ ದಿಂಬು ಕಟ್ಟಿ, ಮುದುಕನ ಹಾಗೆ ಕಾಲೆಳೆದುಕೊಂಡು ಬಂದು ಒಂದು ಗಂಟೆ ಕೂತೆಯಲ್ಲ! ಅಮ್ಮ ಊರಿನ ಮುದುಕರ ಹೆಸರನ್ನೆಲ್ಲ ಹೇಳಿದಳು. ಕಡೆಗೆ ಕೈಗವಸು ಎಳೆದು ಹೆಬ್ಬೆರಳು ನೋಡಿ, ನಕ್ಕು ನಕ್ಕು ಅತ್ತುಬಿಟ್ಟಳು. ‘ಈ ಪೋರಿ ಹೆತ್ತ ತಾಯಿಗೇ ಟೋಪಿ ಹಾಕಿದ್ಲು’ ಎಂದು ಆ ವರ್ಷವೆಲ್ಲ ಹೇಳಿಕೊಂಡು ತಿರುಗಿದಳು. ಅಷ್ಟು ಹೆಮ್ಮೆ ಪಟ್ಟಿದ್ದವಳು ಹತ್ತು ವರ್ಷದ ಮೇಲೆ ನಾಟಕಕ್ಕೆ ಹೊರಟವಳಿಗೆ ‘ಮುಖ ಮಾರಿಕೊಳ್ಳೋಕೆ ಹೋಗೋಳು ನನ್ನ ಮಗಳಲ್ಲ’ ಎಂದು ಹೇಳಿ ಹಡಗುಕಟ್ಟೆಗೂ ಬರಲಿಲ್ಲ.

ಎರಡು ವರ್ಷದ ಹಿಂದಿನ ಕ್ರಿಸ್ಮಸ್ಸಿನ ಮಾತು ಎತ್ತಬಾರದೆಂದುಕೊಂಡಿದ್ದೆ, ಎತ್ತದೆ ಆಗುವುದಿಲ್ಲ. ತಪ್ಪು ನನ್ನದು. ಅಮ್ಮನ ನೆನಪು ಜಾರುತ್ತಿದೆ ಎಂದು ನಿನಗೆ ಮೊದಲೇ ತಿಳಿಸಬೇಕಿತ್ತು, ಹಬ್ಬ ಕೆಡುವುದು ಬೇಡವೆಂದು ಸುಮ್ಮನಿದ್ದೆ. ನೀನು ಹೊಳೆಯುವ ಕೂದಲು, ಉದ್ದ ಕೋಟು, ಆ ಹೊರಗಿನವರ ಮಾತು ಹೊತ್ತುಕೊಂಡು ಹಬ್ಬದ ನಾಲ್ಕನೆಯ ದಿನ ಒಳಗೆ ಬಂದೆ. ಅಮ್ಮ ಚಪ್ಪಾಳೆ ತಟ್ಟಿ, ‘ಓಹೋ, ಈ ಮುಸುಕು ಭಾರಿ ಚೆನ್ನಾಗಿದೆ! ಮಾತೂ ಎಷ್ಟು ಚೆನ್ನಾಗಿ ಕಲ್ತಿದಾಳೆ ನೋಡು’ ಎಂದಳು. ಅವಳು ಹುಡುಗಾಟ ಆಡುತ್ತಿದ್ದಾಳೆ ಅಂದುಕೊಂಡು ನಾನೂ ನಕ್ಕೆ, ದೇವರು ನನ್ನನ್ನು ಕ್ಷಮಿಸಲಿ. ಒಂದೊಂದೇ ಹೆಸರು ಹೇಳತೊಡಗಿದಳು. ಲಿಯೋನ ಹೆಂಡತಿಯಾ? ಅಂಚೆಮನೆಯ ವಿನಿಫ್ರೆಡ್ಡಾ? ಸತ್ತುಹೋದವರ ಹೆಸರನ್ನೂ ಹೇಳಿದಳು. ನಿನ್ನ ಹೆಸರು ಬರಲೇ ಇಲ್ಲ. ನೀನು ‘ಅಮ್ಮಾ, ನಾನು ಬರ್ನಿ’ ಎಂದಾಗ, ‘ಅವಳು ಟೀವೀಲಿದಾಳಮ್ಮ, ಇಲ್ಲಿಗ್ಯಾಕೆ ಬರ್ತಾಳೆ?’ ಎಂದು ನಿನ್ನ ಕೈ ಹಿಡಿಯಲು ಬಂದಳು. ನೀನು ಕೈ ಹಿಂದಕ್ಕೆಳೆದುಕೊಂಡೆ. ಅವಳು ಬೇಕೆಂದೇ ಆಡುತ್ತಿದ್ದಾಳೆ, ಇಪ್ಪತ್ತನಾಲ್ಕು ವರ್ಷದ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದು ನಿನಗನ್ನಿಸಿತು. ನಿನ್ನ ಜಾಗದಲ್ಲಿದ್ದರೆ ನನಗೂ ಅನ್ನಿಸುತ್ತಿತ್ತು. ನೀನು ಆ ಸಂಜೆಯೇ ಎದ್ದು ಹೊರಟುಹೋದೆ.

ಈಗ ಮೊನ್ನೆ ಸೋಮವಾರದ್ದು ಕೇಳು. ಹಬ್ಬದ ಕೊನೆಯ ಸಂಜೆ, ಚಹದ ಪಾತ್ರೆ ಇನ್ನೂ ಬಿಸಿಯಿತ್ತು. ಬಾಗಿಲಾಚೆ ಉಸಿರೆಳೆದ ದನಿ, ‘ಮುಸುಕಿನವರನ್ನ ಒಳಗೆ ಬಿಟ್ಕೋತೀರಾ?’ ನಾಲ್ಕು ಜನ ಬಂದರು, ಕ್ಲೆಮ್ ಅಕಾರ್ಡಿಯನ್ ತೆಗೆದ. ನಂಬುತ್ತೀಯೋ ಇಲ್ಲವೋ, ನನ್ನ ಗುರುತೇ ಸಿಗದ ಅಮ್ಮ ನೆಟ್ಟಗೆ ಕೂತು, ‘ಸೊಂಟ ಸೆಟೆದ ಅಜ್ಜಿ, ಲಿಯೋ ನೀನು, ನಿನ್ನ ಲಂಗ ಕೆಳಗಿಳೀತಿದೆ, ಮಾನ ಕಾಪಾಡ್ಕೋ’ ಎಂದಳು. ಲಿಯೋ ಮಾವ ಮುಸುಕೆತ್ತಿದರು. ಮತ್ತಿಬ್ಬರನ್ನೂ ಹೇಳಿಬಿಟ್ಟಳು. ನಾಲ್ಕನೆಯವಳು ಅವರ ಸೊಸೆ ಡಿಂಪ್ನಾ. ನಿನ್ನ ಎತ್ತರವೇ, ಅದೇ ಕಡ್ಡಿ ಮೈ, ಮೈಭಾರವನ್ನೆಲ್ಲ ಒಂದೇ ಕಾಲಿಗೆ ಕೊಟ್ಟು ನಿಂತಿದ್ದಳು. ಅಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಎರಡೂ ಕೈ ಚಾಚಿ, ‘ಬರ್ನಿ, ಬಂದ್ಯಾ?’ ಎಂದಳು.

ಹೆಸರು ತಪ್ಪು. ತಪ್ಪಾದರೆ ಮುಸುಕು ಎತ್ತುವಂತಿಲ್ಲ. ಪಾಪ, ಡಿಂಪ್ನಾ ನನ್ನ ಕಡೆ ತಿರುಗಿದಳು. ಹೇಳಿಬಿಡು ಎನ್ನಲೋ, ಸುಮ್ಮನಿರು ಎನ್ನಲೋ ತಿಳಿಯದೆ ನಾನು ಚಹದ ಪಾತ್ರೆ ಎತ್ತಿಕೊಂಡೆ. ಕ್ಲೆಮ್ ಬಾರಿಸುವುದನ್ನು ನಿಲ್ಲಿಸಿದ. ಅವಳು ಪದ್ಧತಿಯ ಪ್ರಕಾರ ಮುಸುಕಿನೊಳಗೇ ನಿಂತಳು. ಅಮ್ಮ ಅವಳ ಕೈಗವಸಿನ ಕೈಗಳನ್ನು ಹಿಡಿದುಕೊಂಡು ಹೇಳಿದಳು: ‘ಕಟ್ಟೆಗೆ ಬರಲಿಲ್ಲ ಅಂತ ನಿನಗೆ ಸಿಟ್ಟು. ನಾನು ಮಹಡಿ ಕಿಟಕೀಲಿದ್ದೆ ಕಣೇ, ಪರದೆ ಹಿಂದೆ. ಹಡಗು ಮೂಲೆ ತಿರುಗೋವರೆಗೂ ನೋಡ್ತಾನೇ ಇದ್ದೆ. ಕೆಳಗಿಳಿಯೋಣ ಅಂತ ಎರಡು ಸಲ ಮೆಟ್ಟಿಲವರೆಗೆ ಬಂದೆ. ನಾನಂದ ಮಾತು ನಾನೇ ವಾಪಸ್ ತಗೊಂಡಿದೀನಿ. ನೀನು ಮುಖ ಮಾರ್ಕೊಂಡಿಲ್ಲ. ನಿನ್ನ ನೋಡೋಕೆ ಜನ ಮನೇಲಿ ದೀಪ ಹಾಕ್ಕೊಂಡು ಕೂತಿರ್ತಾರೆ.’ ಆಮೇಲೆ ಅವಳ ಹಣೆಯ ಬಟ್ಟೆಯ ಮೇಲೆ ಶಿಲುಬೆ ಗುರುತು ಹಾಕಿದಳು. ಡಿಂಪ್ನಾಳ ಮುಸುಕು ಒದ್ದೆಯಾಗಿ ಮೂಗಿಗಂಟಿಕೊಂಡಿತ್ತು. ಹೊರಗೆ ಹೋದಮೇಲೆ ಅವಳು ನನ್ನನ್ನು ಅಪ್ಪಿಕೊಂಡು, ‘ಲೊರೆಟ್ಟಾ, ನನ್ನದಲ್ಲದ್ದನ್ನ ಕದ್ದುಕೊಂಡ ಹಾಗಾಯ್ತು’ ಎಂದು ಅತ್ತಳು.

ಇಪ್ಪತ್ತಾರು ವರ್ಷ ನೀನು ಕಾದ ಮಾತು ಹೀಗೆ ಇನ್ನೊಬ್ಬಳ ತಲೆಯ ಮೇಲೆ ಬಿತ್ತು, ನಾನು ಚಹದ ಪಾತ್ರೆ ಹಿಡಿದುಕೊಂಡು ನೋಡುತ್ತಾ ನಿಂತಿದ್ದೆ. ನಿನಗೆ ಕಾಗದದಲ್ಲಿ ಕಳಿಸುವುದು ಬಿಟ್ಟು ಬೇರೆ ದಾರಿ ತೋರಲಿಲ್ಲ. ಕಾಗದದಲ್ಲಿ ಅವಳ ಕೈಯ ಬಿಸಿ ಬರುವುದಿಲ್ಲ, ಅದು ನನಗೆ ಗೊತ್ತು. ಮಾರನೆಯ ಬೆಳಿಗ್ಗೆ ಎಲ್ಲ ಅಳಿಸಿಹೋಗಿತ್ತು. ‘ನನ್ನ ಬರ್ನಿ ಬಂದ್ಲಾ?’ ಎಂದಳು. ಮರಿಯಮ್ಮನ ಮುಂದೆ ಮೇಣದಬತ್ತಿ ಹಚ್ಚಿದೆ, ಏನು ಬೇಡಿಕೊಳ್ಳಬೇಕೆಂದು ತಿಳಿಯದೆ ಅದು ಉರಿಯುವುದನ್ನೇ ನೋಡುತ್ತಾ ಕೂತಿದ್ದೆ. ಅವಳ ನೆನಪು ಬರಲಿ ಎನ್ನಲೆ? ಬಂದರೆ ನೀನು ಇಲ್ಲಿಲ್ಲವೆಂಬುದೂ ಅವಳಿಗೆ ಗೊತ್ತಾಗುತ್ತದೆ.

ನಿನ್ನ ಮೇಲೆ ಮರಿಯಮ್ಮನ ಹಸ್ತವಿರಲಿ. ಹೊಟ್ಟೆಗೆ ಸರಿಯಾಗಿ ತಿನ್ನು. ಲಿಯೋ ಮಾವ, ಡಿಂಪ್ನಾ ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಈ ಕಾಗದಕ್ಕೆ ಅಂಚೆಚೀಟಿ ತಂದುಕೊಟ್ಟವನು ಕ್ಲೆಮ್.

ನಿನ್ನ ಪ್ರೀತಿಯ ಅಕ್ಕ,
ಲೊರೆಟ್ಟಾ

ಮರೆತಿದ್ದು: ಅಂಚೆಯವನ ಗಾಡಿ ಗುಡ್ಡ ಇಳಿಯುತ್ತಿದೆ, ಬೇಗ ಬರೆಯುತ್ತೇನೆ. ಬಾ ಬರ್ನಿ. ಆದರೆ ಬರೀ ಮುಖ ಹೊತ್ತುಕೊಂಡು ಬರಬೇಡ, ಮುಸುಕು ಹಾಕಿಕೊಂಡು ಬಾ. ಹಬ್ಬ ಮುಗಿಯಿತಲ್ಲ ಎಂದು ಫಾದರ್ ಹರ್ನ್ ಅವರನ್ನು ಕೇಳಿದೆ, ಅವಳಿಗೆ ತಾರೀಖು ಗೊತ್ತಿಲ್ಲ, ದೇವರು ಲೆಕ್ಕ ಇಡುವುದಿಲ್ಲ ಎಂದರು. ಕ್ಲೆಮ್ ವಿಮಾನ ನಿಲ್ದಾಣಕ್ಕೆ ಬರುತ್ತಾನೆ. ಲಿಯೋ ಮಾವನ ಮನೆಯಲ್ಲಿ ಅಪ್ಪನ ಎಣ್ಣೆಬಟ್ಟೆಯ ಕೋಟು, ಬೂಟು, ಪರದೆಯ ತುಂಡು ತೆಗೆದಿಟ್ಟಿದ್ದೇನೆ. ಕೈಗೆ ಮಾತ್ರ ಏನೂ ಹಾಕಿಕೊಳ್ಳಬೇಡ. ಅವಳು ಹಿಡಿಯಲು ಬಂದಾಗ ಈ ಸಲ ಎಳೆದುಕೊಳ್ಳಬೇಡ. ಎಷ್ಟು ತಪ್ಪು ಹೆಸರು ಹೇಳಿದರೂ ಕೂತಿರು. ನೀನು ಎದ್ದು ಹೋದ ಸಂಜೆಯನ್ನು ಅವಳು ಮರೆತಿಲ್ಲ. ಈಗಲೂ ಕೆಲವು ದಿನ ಕತ್ತಲಾಗುವಾಗ ಬಾಗಿಲ ಕಡೆ ನೋಡುತ್ತಾ, ‘ಒಬ್ಬಳು ಮುಸುಕು ತೆಗೀದೇ ಹೋದ್ಲಲ್ಲ, ಯಾರಿರಬಹುದು?’ ಎನ್ನುತ್ತಾಳೆ. ಒಂದೊಂದೇ ಹೆಸರು ಹೇಳುತ್ತಾಳೆ. ಇನ್ನೂ ಹೇಳುತ್ತಲೇ ಇದ್ದಾಳೆ.