ಎಕ್ಸ್ ಎರಡಾಗಬಾರದು ಅಂದಮೇಲೆ

ಮಾರ್ಚ್ ಒಂಬತ್ತು, ಭಾನುವಾರ

ಗುಬ್ಬೀ,

ಚೆನ್ನಾಗಿದ್ದೀಯಾ? ಬೈಯಬೇಡ ಕಣೇ. ಮೊಮ್ಮಗಳು ಹುಟ್ಟಿದ ಸುದ್ದಿ ನೀನು ಬರೆದು ಎರಡು ತಿಂಗಳಾಯಿತು, ನಾನು ಇವತ್ತು ಪೆನ್ನು ಹಿಡಿದಿದ್ದೇನೆ. ಬರೆಯುವುದು, ಹರಿದು ಹಾಕುವುದು, ಇದೇ ಆಯಿತು. ನಮ್ಮ ಯಜಮಾನರು, "ಗೆಳತಿಗೆ ಕಾಗದ ಬರೀತಿದ್ದೀಯೋ, ಪ್ರಶ್ನೆಪತ್ರಿಕೆ ತಯಾರಿಸ್ತಿದ್ದೀಯೋ?" ಅಂತ ರೇಗಿಸುತ್ತಿದ್ದಾರೆ. ಮಗು ಥೇಟ್ ನೀನೇ. ಫೋಟೋದಲ್ಲಿ ಮೂಗು ಮೇಲೆತ್ತಿಕೊಂಡು ಕ್ಯಾಮೆರಾದವನನ್ನೇ ಗದರಿಸುವ ಹಾಗಿದೆ!

ಈಗ ನನ್ನ ಸಂಭ್ರಮ ಕೇಳು. ಐವತ್ತೆಂಟನೇ ವಯಸ್ಸಿನಲ್ಲಿ, ನಿವೃತ್ತಿಯ ಬಾಗಿಲಲ್ಲಿ ನಿಂತಿರುವಾಗ, ಗಣಿತದಲ್ಲಿ ಲಿಮಿಟ್ ಅಂದರೆ ಏನು ಅಂತ ನನಗೆ ಅರ್ಥವಾಯಿತು. ನಗು, ನಗು. ಮೂವತ್ತು ವರ್ಷ ಅದನ್ನೇ ಪಾಠ ಮಾಡಿ ಸಂಬಳ ತಗೊಂಡವಳು ನಾನು.

ನಮ್ಮ ಸಂಜೆ ಕಾಲೇಜಿಗೆ ಈ ವರ್ಷ ಒಬ್ಬಳು ಬಸ್ ಡ್ರೈವರ್ ಸೇರಿದ್ದಾಳೆ. ಗಟ್ಟಿ ದನಿ, ಅದಕ್ಕಿಂತ ಗಟ್ಟಿ ತಲೆ. ಎಲ್ಲರೂ ಡ್ರೈವರಕ್ಕ ಅನ್ನುತ್ತಾರೆ. ಗಣಿತ ಪಾಸಾದರೆ ಡಿಪೋದಲ್ಲಿ ಹೊಸಬರಿಗೆ ಬಸ್ ಕಲಿಸುವ ಕೆಲಸ ಸಿಗುತ್ತದಂತೆ. ಅದಕ್ಕಾಗಿ ದಿನವಿಡೀ ಸ್ಟಿಯರಿಂಗ್ ತಿರುಗಿಸಿ ಬಂದು ಮೊದಲ ಬೆಂಚಿನಲ್ಲಿ ಕೂರುತ್ತಾಳೆ.

ಹೋದ ತಿಂಗಳು ಒಂದು ಮಂಗಳವಾರ ಆ ಹಳೇ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆದೆ. ಮೇಲೆ, ಎಕ್ಸ್‌ನ ವರ್ಗದಲ್ಲಿ ನಾಲ್ಕು ಕಳೆದದ್ದು. ಕೆಳಗೆ, ಎಕ್ಸ್‌ನಲ್ಲಿ ಎರಡು ಕಳೆದದ್ದು. ಎಕ್ಸ್ ಎರಡರ ಹತ್ತಿರ ಹೋದರೆ ಇದು ಎಲ್ಲಿಗೆ ಹೋಗುತ್ತದೆ? ನೇರವಾಗಿ ಎರಡು ಹಾಕಿದರೆ ಸೊನ್ನೆಯ ಕೆಳಗೆ ಸೊನ್ನೆ, ಅದಕ್ಕೆ ಅರ್ಥವೇ ಇಲ್ಲ. "ಎಕ್ಸ್ ಎರಡಲ್ಲ, ಆದ್ದರಿಂದ ಮೇಲಿನದನ್ನು ಅಪವರ್ತಿಸಿ, ಎರಡೂ ಕಡೆಯ ಎಕ್ಸ್ ಕಳೆ ಎರಡನ್ನು ಹೊಡೆದು ಹಾಕಿ" ಅಂದೆ. ಎಕ್ಸ್ ಕೂಡಿಸು ಎರಡು ಉಳಿಯಿತು. "ಈಗ ಎಕ್ಸ್ ಜಾಗದಲ್ಲಿ ಎರಡು ಹಾಕಿ. ಉತ್ತರ ನಾಲ್ಕು" ಅಂದೆ.

ಡ್ರೈವರಕ್ಕ ಎದ್ದು ನಿಂತಳು. "ಮೇಡಂ, ಎಕ್ಸ್ ಎರಡಾಗಬಾರ್ದು ಅಂದ್ರಿ. ಮುಂದಿನ ಸಾಲಲ್ಲೇ ಎರಡು ಹಾಕಿದ್ರಿ. ರಸ್ತೆ ಬಂದ್ ಅಂತ ಬೋರ್ಡು ನೆಟ್ಟು ನೀವೇ ಬಸ್ ನುಗ್ಗಿಸಿದ ಹಾಗಾಯ್ತಲ್ಲ?"

"ಪರೀಕ್ಷೆಗೆ ಹೀಗೇ ಬರೀಬೇಕಮ್ಮಾ, ಕೂತ್ಕೋ."

"ನಾಳೆ ನಾನೂ ಕಲಿಸೋಳು ಮೇಡಂ. ಬ್ರೇಕ್ ಯಾಕೆ ಒತ್ತಬೇಕು ಅಂತ ಯಾರಾದ್ರೂ ಕೇಳಿದ್ರೆ ಪರೀಕ್ಷೆಗೆ ಅನ್ನಕ್ಕಾಗತ್ತಾ? ಶುಕ್ರವಾರದೊಳಗೆ ಹೇಳಿ. ಇಲ್ದಿದ್ರೆ ಇದು ನಂಗಲ್ಲ, ಬಿಟ್ಬಿಡ್ತೀನಿ."

ಸಿಟ್ಟು ನೆತ್ತಿಗೇರಿತು. ಅದರ ಬೆನ್ನಿಗೇ ಹೆದರಿಕೆಯೂ ಆಯಿತು. ಏನಾದರಾಗಲಿ, ಇವಳು ಬಿಡಬಾರದು ಅಂತ ಹಟ ಹಿಡಿದು ಪುಸ್ತಕ ತೆರೆದೆ. ಉತ್ತರ ಅಲ್ಲೇ ಇತ್ತು ಕಣೇ, ನಾನು ಪ್ರತಿ ವರ್ಷ ಬೋರ್ಡಿಗೆ ಇಳಿಸುತ್ತಿದ್ದ ಸಾಲುಗಳಲ್ಲೇ. ಹತ್ತು ಸಲ ಓದಿದರೂ ಒಳಗೆ ಇಳಿಯಲಿಲ್ಲ.

ಗುರುವಾರ ಮಧ್ಯಾಹ್ನ ಬಸ್ಸಿನಲ್ಲಿ ಸೊನ್ನೆಯ ಕೆಳಗಿನ ಸೊನ್ನೆಯನ್ನೇ ಧ್ಯಾನಿಸುತ್ತ ನನ್ನ ಸ್ಟಾಪು ದಾಟಿ ಡಿಪೋ ತನಕ ಹೋಗಿಬಿಟ್ಟೆ. ಓಡಿಸುತ್ತಿದ್ದವಳು ಅವಳೇ! "ಅಯ್ಯೋ ಮೇಡಂ, ಇಳೀಲೇ ಇಲ್ವಾ? ಸ್ವಲ್ಪ ಇರಿ, ರಿವರ್ಸ್ ಹಾಕಿ ನಿಲ್ಲಿಸ್ಬಿಡ್ತೀನಿ" ಅಂದಳು. ಹಿಂದಿನಿಂದ ಕಂಡಕ್ಟರ್ ಬಸ್ಸಿನ ಮೈ ತಟ್ಟುತ್ತ "ಬರ್ಲಿ, ಬರ್ಲಿ" ಅನ್ನುತ್ತಿದ್ದ. ಹಿಂದಿನ ಕಿಟಕಿಯಾಚೆ ಗೋಡೆ ಹತ್ತಿರ ಬಂದೇ ಬಂತು. ಬಸ್ಸು ಅದನ್ನು ಮುಟ್ಟದೆ ನಿಂತಿತು. ನಾನು ಕೇಳಿದೆ,

"ಮುಟ್ಟದೇನೇ ಗೋಡೆ ಎಲ್ಲಿದೆ ಅಂತ ಹೇಗೆ ಗೊತ್ತಾಗತ್ತಮ್ಮಾ?"

"ಮುಟ್ಟಿದ್ರೆ ನನ್ನ ಕೆಲಸ ಹೋಗತ್ತೆ! ಎಷ್ಟು ಹತ್ತಿರ ಬೇಕು ಅಂತ ನೀವು ಹೇಳಿ. ಮೊಳ ಅಂದ್ರೆ ಮೊಳ, ಗೇಣು ಅಂದ್ರೆ ಗೇಣು. ಅಷ್ಟರೊಳಗೆ ನಿಲ್ಲಿಸಿ ತೋರಿಸ್ತೀನಿ."

ಸೀಟಿನಿಂದ ಹಾರಿದೆ ಕಣೇ! "ಇನ್ನೊಂದ್ಸಲ ಹೇಳು, ಇನ್ನೊಂದ್ಸಲ" ಅಂತ ಕೂಗಿದೆ. ಬಸ್ಸು ಯಾರಿಗೋ ತಗುಲಿತು ಅಂತ ಕಂಡಕ್ಟರ್ ಎದೆ ಹಿಡಿದುಕೊಂಡು ಓಡಿಬಂದ.

ಶುಕ್ರವಾರ ತರಗತಿಯಲ್ಲಿ ಮೊದಲು ತಪ್ಪೊಪ್ಪಿಕೊಂಡೆ. "ಮಂಗಳವಾರ ನಾನು ಹೇಳಿದ್ದು ಉತ್ತರ ಅಲ್ಲ, ನಂಗೇ ಗೊತ್ತಿರಲಿಲ್ಲ." ಆಮೇಲೆ ಡ್ರೈವರಕ್ಕನನ್ನು ಕೇಳಿದೆ, "ನಾಲ್ಕಕ್ಕೆ ಎಷ್ಟು ಹತ್ತಿರ ಬೇಕು, ಹೇಳು."

"ಹತ್ತರಲ್ಲೊಂದು ಪಾಲು."

"ಎಕ್ಸನ್ನೂ ಎರಡರಿಂದ ಅಷ್ಟರೊಳಗೇ ಇಡು. ಎರಡನ್ನ ಮಾತ್ರ ಮುಟ್ಟಬೇಡ."

ಈಚೆಯಿಂದ 1.95 ಹಾಕಿ ನೋಡಿದಳು, 3.95 ಬಂತು. ಆಚೆಯಿಂದ 2.05, 4.05. ಸಾವಿರದಲ್ಲೊಂದು ಪಾಲು ಕೇಳಿದಳು, ಕೊಟ್ಟೆ. ಕೋಟಿಯಲ್ಲೊಂದು ಕೇಳಿದಳು, ಕೊಟ್ಟೆ.

"ಎಷ್ಟು ಕೇಳಿದ್ರೂ ಕೊಡ್ತೀರಾ? ಎರಡನ್ನ ಮುಟ್ಟದೇನೇ?"

"ಮುಟ್ಟದೇನೇ."

ಬೋರ್ಡಿನ ಕಡೆ ಕೈ ತೋರಿದಳು. "ಹಾಗಾದ್ರೆ ನಾಲ್ಕೇ ಬಿಡಿ. ಬೇರೆ ಇರಕ್ಕೆ ಸಾಧ್ಯಾನೇ ಇಲ್ಲ. ಆದ್ರೆ ಕೊನೇ ಸಾಲಲ್ಲಿ ಎರಡು ಹಾಕಿದ್ದು?"

"ಹೊಡೆದು ಹಾಕಿದ ಮೇಲೆ ಉಳಿಯೋದು ಬೇರೆ ರಸ್ತೆ. ಎರಡನ್ನ ಮಾತ್ರ ಬಿಟ್ಟು ಎಲ್ಲಾ ಕಡೆ ಹಳೇ ರಸ್ತೆ ಮೇಲೇ ಹೋಗತ್ತೆ, ಇದರಲ್ಲಿ ಎಲ್ಲೂ ಗುಂಡಿ ಇಲ್ಲ. ಹಳೇದು ಎಲ್ಲಿಗೆ ಹೊರಟಿತ್ತು ಅಂತ ನೋಡಕ್ಕೆ ಇದರ ಮೇಲೆ ನಿಲ್ತೀವಿ, ಅಷ್ಟೇ. ಹಳೇದಕ್ಕೆ ಎರಡು ಹಾಕೇ ಇಲ್ಲ."

ಡ್ರೈವರಕ್ಕ ಬೆಂಚು ಕುಟ್ಟಿದಳು, ತರಗತಿಗೆ ತರಗತಿಯೇ ಕುಟ್ಟಿತು. "ಇನ್ನು ನೀವು ಓಡಿಸಿದ್ರೂ ಬಿಡಲ್ಲ ಮೇಡಂ" ಅಂದಳು. ನಾನು ಸೀಮೆಸುಣ್ಣದ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಬಿಳಿ ಮಾಡಿಕೊಂಡೆ. ಇಷ್ಟು ವರ್ಷದಲ್ಲಿ ಅಷ್ಟು ಖುಷಿಯ ಪಾಠ ಮಾಡಿರಲಿಲ್ಲ.

ಮಗುವಿಗೆ ನನ್ನ ಮುತ್ತು. ಆಯಸ್ಸು ಆರೋಗ್ಯ ತುಂಬಿಕೊಂಡು ಬೆಳೆಯಲಿ. ನಿನ್ನ ಹೊಲಿಗೆ ಅಂಗಡಿ ಗಿಜಿಗುಡುತ್ತಿರಲಿ, ನಿನ್ನ ಕಣ್ಣು ನೂರು ವರ್ಷ ಸೂಜಿಗೆ ದಾರ ಪೋಣಿಸಲಿ.

ಎಂದೆಂದಿಗೂ ನಿನ್ನ,
ಕೋಲು

ತಾ.ಕ. ಈ ಪ್ರಶ್ನೆ ಮೊದಲು ನನ್ನ ಕಿವಿಗೆ ಬಿದ್ದದ್ದು ಡ್ರೈವರಕ್ಕನ ಬಾಯಿಂದಲ್ಲ, ಹದಿನೇಳು ವರ್ಷದ ನಿನ್ನ ಬಾಯಿಂದ. ನಮ್ಮ ಗಣಿತದ ಮೇಷ್ಟ್ರು ನನ್ನ ಕಡೆ ತಿರುಗಿ, "ನಿನಗೂ ಅನುಮಾನ ಇದೆಯೇನಮ್ಮಾ?" ಅಂದರು. ಇತ್ತು ಗುಬ್ಬೀ, ನನಗೂ ಅದೇ ಅನುಮಾನ ಇತ್ತು. "ಇಲ್ಲ ಸಾರ್, ಅವಳು ಪಾಠ ಕೇಳಿಸ್ಕೊಳ್ಳಲ್ಲ" ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮುಂದಿನ ವಾರದಿಂದ ನೀನು ಕಾಲೇಜಿಗೇ ಬರಲಿಲ್ಲ. "ಗಣಿತ ನನ್ನ ತಲೆಗೆ ಹತ್ತಲಿಲ್ಲ" ಅಂತ ನಲವತ್ತು ವರ್ಷದಿಂದ ಎಲ್ಲರ ಮುಂದೆ ನಗುನಗುತ್ತ ಹೇಳುತ್ತೀಯ, ನಾನು ಪಕ್ಕದಲ್ಲಿ ಕೂತು ಸುಮ್ಮನಿರುತ್ತೇನೆ. ಅವತ್ತು ಆ ಕೋಣೆಯಲ್ಲಿ ಗಣಿತ ಹತ್ತಿದ್ದು ನಿನ್ನೊಬ್ಬಳ ತಲೆಗೆ. ನನ್ನನ್ನು ಕ್ಷಮಿಸುವುದು ಬಿಡುವುದು ನಿನಗೆ ಸೇರಿದ್ದು. ಗಣಿತ ತಲೆಗೆ ಹತ್ತಲಿಲ್ಲ ಅನ್ನುವ ಆ ಮಾತನ್ನು ಮಾತ್ರ ಇನ್ನು ಯಾರ ಮುಂದೆಯೂ ಹೇಳಬೇಡ.