ಪುಟ್ಟಿಯ ತರಗತಿಯಲ್ಲಿ ನನ್ನ ಕಥೆ

ಅಕ್ಕಾ,

ರಾತ್ರಿ ಪಾಳಿ ಮುಗಿಸಿ ಮಲಗಿದ್ದೀಯ, ಎಬ್ಬಿಸಲಿಲ್ಲ. ಪುಟ್ಟಿಯ ಶಾಲೆಯಲ್ಲಿ ಇವತ್ತು ಅಪ್ಪ-ಅಮ್ಮಂದಿರು ಬಂದು ಕಥೆ ಹೇಳುವ ದಿನ. ನನ್ನನ್ನು ಒಂದು ಮಾತು ಕೇಳದೆ ನನ್ನ ಹೆಸರು ಕೊಟ್ಟು ಬಂದಿದ್ದಾಳೆ ನಿನ್ನ ಮುದ್ದಿನ ಸೊಸೆ.

ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದರೆ ‘ಮೊಲ’ ಅನ್ನುವುದೇ ಗಂಟಲಲ್ಲಿ ಸಿಕ್ಕಿಕೊಂಡಿತು. ನನ್ನ ಉಗ್ಗು ಕೇಳಿ ಮಕ್ಕಳು ನಕ್ಕರೆ ನಾನು ಹೇಗೋ ತಡೆದುಕೊಂಡೇನು. ನಾಳೆಯಿಂದ ಅವಳನ್ನು ಆಡಿಕೊಂಡರೆ?

ಹಾಲು ಕಾಯಿಸಿಲ್ಲ. ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದೆನೋ ಇಲ್ಲವೋ, ಎದ್ದಾಗ ನೋಡು. ನನ್ನ ತಲೆ ನೆಟ್ಟಗಿಲ್ಲ.

“ಬೇರೆ ಯಾರೂ ಸಿಗಲಿಲ್ವೇನೇ ನಿಂಗೆ?” ಅಂತ ನಿನ್ನೆ ಅವಳ ಮೇಲೆ ರೇಗಿದೆ. “ಅಪ್ಪ, ನೀನು ಹೇಳಿದ್ರೆ ಕಥೆ ಬೇಗ ಮುಗಿಯಲ್ಲ, ಅದಕ್ಕೆ” ಅಂದಳು.

ಹೆದರಿಕೆ ಹೋಗಿಲ್ಲ ಅಕ್ಕಾ. ಆದರೆ ಇನ್ನು ಹೋಗದೆ ಹೇಗಿರಲಿ?

ನಿನ್ನ ತಮ್ಮ